ಗಂಟೆ ನುಡಿಯದ ಜಾಗದಲ್ಲಿ ಸ್ಯಾಕ್ಸೋಫೋನ್

ಡೋಲುಗಳನ್ನು ಹಿಂದೆ ಸಾಲಾಗಿ ಕೂರಿಸಿ, ಮುಂದೆ ನಿಂತು ಸ್ಯಾಕ್ಸೋಫೋನಿನಲ್ಲಿ ಮನಸ್ಸಿಗೆ ಬಂದದ್ದನ್ನು ಊದಿದರೆ ಸಭೆ ತಲೆದೂಗುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಜಾಝ್ ಜೊತೆ ಆಫ್ರಿಕಾದ ತಾಳ ಸೇರಿತು ಎಂದು ಪೋಸ್ಟರಿನಲ್ಲಿ ಬರೆದುಕೊಳ್ಳಬಹುದು. ಲಂಡನ್ನಿನಲ್ಲಿ ಅಂಥ ಕಾರ್ಯಕ್ರಮಗಳನ್ನು ಬೇಕಾದಷ್ಟು ಕೇಳಿದ್ದೇನೆ, ಸಂಭಾವನೆ ತೆಗೆದುಕೊಂಡು ಕೆಲವದರಲ್ಲಿ ನುಡಿಸಿಯೂ ಇದ್ದೇನೆ. ಒಂದೇ ಕೋಣೆಯಲ್ಲಿ ಬಾಡಿಗೆಗಿರುವ ಇಬ್ಬರು ಅಪರಿಚಿತರಂತೆ ಎರಡೂ ಸಂಗೀತಗಳು ಮೈಗೆ ಮೈ ತಾಗದ ಹಾಗೆ ಓಡಾಡಿಕೊಂಡಿರುತ್ತವೆ. ನನ್ನ ತಂಡದಲ್ಲಿ ನಾನು ಹಿಡಿದ ದಾರಿ ಬೇರೆ. ಸ್ಯಾಕ್ಸೋಫೋನ್ ಮೊದಲು ಮೇಳದೊಳಗೆ ಒಂದು ಸಣ್ಣ ಡೋಲಾಗಿ ಕೂರಬೇಕು. ಅಲ್ಲಿ ಅದಕ್ಕೊಂದು ಜಾಗ ಸಿಕ್ಕಿದ ಮೇಲಷ್ಟೇ ಸೋಲೊದ, ಅಂದರೆ ಒಂಟಿ ವಾದನದ, ಮಾತು.

ನನ್ನ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹುಟ್ಟಿದ್ದು ದಕ್ಷಿಣ ಕನ್ನಡದಲ್ಲಿ. ನಮ್ಮ ಕಡೆ ಸ್ಯಾಕ್ಸೋಫೋನ್ ವಿದೇಶಿ ವಾದ್ಯವೆಂದು ಯಾರಿಗೂ ಅನಿಸುವುದಿಲ್ಲ. ಮದುವೆಗೂ ಬೇಕು, ದೇವಸ್ಥಾನದ ಉತ್ಸವಕ್ಕೂ ಬೇಕು. ಬಂಟ್ವಾಳ ತಾಲ್ಲೂಕಿನ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮರುಳಾಗಿ, ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನವರೆಗೆ ಕೊಂಡೊಯ್ದರು. ಅವರ ಗಾಳಿ ಬೀಸಿದ ಊರಿನಲ್ಲಿ ನಾನೂ ಆಲ್ಟೊ ಸ್ಯಾಕ್ಸೋಫೋನ್ ಹಿಡಿದು ವರ್ಣ, ಕೀರ್ತನೆ ಕಲಿತೆ. ಜಾಝ್ ಹುಚ್ಚು ಹತ್ತಿದ್ದು ಆಮೇಲೆ. ಕನ್ನಡ ಮೂಲದ ಅಮೆರಿಕನ್ ಆಲ್ಟೊ ವಾದಕ ರುದ್ರೇಶ್ ಮಹಾಂತಪ್ಪ 2008ರಲ್ಲಿ ಗೋಪಾಲನಾಥರ ಜೊತೆಗೂಡಿ ಹೊರತಂದ ಆಲ್ಬಮ್ ಕೇಳಿದಾಗ, ಕರ್ನಾಟಕ ಸಂಗೀತಕ್ಕೂ ಜಾಝಿಗೂ ನಡುವೆ ಮಾಡಬೇಕಾದ ಕೆಲಸವನ್ನು ನನಗಿಂತ ಎಷ್ಟೋ ಚೆನ್ನಾಗಿ ಮಾಡುವವರಿದ್ದಾರೆ ಎಂದು ಸಮಾಧಾನವಾಯಿತು. ಹಾಗಾಗಿ ಮನಸ್ಸು ಬೇರೆಡೆಗೆ ತಿರುಗಲು ಬಿಡುವಾಯಿತು.

ಪಶ್ಚಿಮ ಆಫ್ರಿಕಾದ ತಾಳ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಸೆನೆಗಲ್‌ನ ಸಬಾರ್ ಬೇರೆ, ಗಿನಿ ಮತ್ತು ಮಾಲಿಯ ಜೆಂಬೆ ಬೇರೆ, ನೈಜೀರಿಯಾದ ಯೊರುಬಾ ಜನರ ಬಾಟಾ ಬೇರೆ. ಎಲ್ಲವನ್ನೂ ಕಲಿಯಲು ಒಂದು ಆಯುಷ್ಯ ಸಾಲದು. ನಾನು ಆರಿಸಿಕೊಂಡದ್ದು ಘಾನಾದ ಆಗ್ನೇಯ ಮೂಲೆಯಲ್ಲಿ, ಟೋಗೊ ಗಡಿಗೆ ಅಂಟಿಕೊಂಡಿರುವ ಆನ್ಲೊ-ಎವೆ ಜನರ ಸಂಗೀತವನ್ನು, ಅದರಲ್ಲೂ ಅಗ್ಬಾಡ್ಜಾ ಎಂಬ ಒಂದು ಪ್ರಕಾರವನ್ನು. ಊರಿಗೆ ಬಂದಾಗ ಕೆಲವರು ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಡಮಾಮ್ ಡೋಲಿಗೂ ಇದಕ್ಕೂ ನಂಟಿದೆಯೇ ಎಂದು ಕೇಳುತ್ತಾರೆ. ಸಿದ್ದಿಗಳ ಪೂರ್ವಿಕರು ಬಂದದ್ದು ಆ ಖಂಡದ ಪೂರ್ವ ಭಾಗದಿಂದ. ನಡುವೆ ಇಡೀ ಆಫ್ರಿಕಾ ಮಲಗಿದೆ. ಇಲ್ಲದ ನಂಟನ್ನು ಕಟ್ಟಿ ಕಥೆ ಹೇಳುವ ಆಸೆ ನನಗಿಲ್ಲ.

ಜಾಝಿಗೂ ಘಾನಾಕ್ಕೂ ಇರುವ ನಂಟು ಮಾತ್ರ ಗಟ್ಟಿಯಾದದ್ದು. ಹೈಲೈಫ್ ಎಂಬ ಘಾನಾದ ಜನಪ್ರಿಯ ನೃತ್ಯಸಂಗೀತದ ದೊರೆ ಎನಿಸಿಕೊಂಡ ಇ.ಟಿ. ಮೆನ್ಸಾ ಟ್ರಂಪೆಟ್ ಮತ್ತು ಸ್ಯಾಕ್ಸೋಫೋನ್ ಎರಡನ್ನೂ ನುಡಿಸುತ್ತಿದ್ದರು. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು, 1956ರಲ್ಲಿ, ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅಕ್ರಾಕ್ಕೆ ಬಂದಾಗ ಅವರೊಂದಿಗೆ ನುಡಿಸಿದವರು ಮೆನ್ಸಾ. ಮೆನ್ಸಾ ತಂಡದಲ್ಲಿದ್ದ ಡ್ರಮ್ ವಾದಕ ಗೈ ವಾರೆನ್, ಮುಂದೆ ಕೊಫಿ ಘನಾಬಾ ಎಂದು ಹೆಸರು ಬದಲಿಸಿಕೊಂಡವರು, ಅದೇ ಕಾಲದಲ್ಲಿ ಚಿಕಾಗೋದಲ್ಲಿ ಕುಳಿತು ಆಫ್ರಿಕಾದ ಡೋಲನ್ನೂ ಜಾಝ್ ತಂಡವನ್ನೂ ಒಂದೇ ತಟ್ಟೆಯಲ್ಲಿ ಧ್ವನಿಮುದ್ರಿಸಿದರು. ಇನ್ನು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್: ಸಾಯುವ ಮೂರು ತಿಂಗಳ ಮೊದಲು, 1967ರ ಏಪ್ರಿಲ್‌ನಲ್ಲಿ, ನೈಜೀರಿಯಾದ ಬಾಬಾತುಂಡೆ ಒಲಾತುಂಜಿ ಹಾರ್ಲೆಮ್‌ನಲ್ಲಿ ನಡೆಸುತ್ತಿದ್ದ ಆಫ್ರಿಕನ್ ಸಂಸ್ಕೃತಿ ಕೇಂದ್ರದಲ್ಲಿ ಅವರು ನುಡಿಸಿದ್ದರು. ಸ್ಯಾಕ್ಸೋಫೋನ್ ಹಿಡಿದವನಿಗೆ ಆ ದಿಕ್ಕಿನಲ್ಲಿ ನೋಡದೆ ಗತ್ಯಂತರವಿಲ್ಲ.

ಅಕ್ರಾದಿಂದ ಗಡಿಯ ಊರು ಅಫ್ಲಾವೊ ಕಡೆಗೆ ಹೋಗುವ ರಸ್ತೆ ಸೊಗಾಕೋಪೆಯಲ್ಲಿ ವೋಲ್ಟಾ ನದಿಯನ್ನು ದಾಟುತ್ತದೆ. ಟ್ರೋಟ್ರೋ ಎಂದು ಕರೆಯುವ ವ್ಯಾನು ಅಲ್ಲಿ ನಿಧಾನವಾದ ಕೂಡಲೇ ತಲೆಯ ಮೇಲೆ ಬ್ರೆಡ್ಡಿನ ರಾಶಿ ಹೊತ್ತ ಹೆಂಗಸರು ಕಿಟಕಿಗೆ ಮುತ್ತುತ್ತಾರೆ. ನದಿ ದಾಟಿದ ಮೇಲೆ ಸಮುದ್ರ, ತೆಂಗು, ಮರಳು, ಸೀಗಡಿ ಒಣಗುವ ವಾಸನೆ. ಉಳ್ಳಾಲದ ಕಡೆಯವನಿಗೆ ಏನೂ ಹೊಸದಲ್ಲ. ಅಗ್ಬಾಡ್ಜಾ ಕಲಿಸುವ ಗುರುಗಳ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ, ಸ್ನ್ಯಾಪ್ಸ್ ಎಂಬ ಮದ್ಯದ ಬಾಟಲಿ ಕೊಡಬೇಕು. ಹಿರಿಯರು ಅದರಿಂದ ಒಂದಿಷ್ಟನ್ನು ನೆಲಕ್ಕೆ ಎರೆದು, ಪೂರ್ವಿಕರಿಗೆ ನನ್ನನ್ನು ಪರಿಚಯಿಸಿ, ಆಮೇಲೆ ಪಾಠಕ್ಕೆ ಒಪ್ಪಿದರು.

ಸ್ಯಾಕ್ಸೋಫೋನನ್ನು ಪೆಟ್ಟಿಗೆಯಿಂದ ತೆಗೆಯುವುದಕ್ಕೇ ಅವಕಾಶ ಸಿಗಲಿಲ್ಲ. ಮೊದಲು ಕುಣಿತ. ಅಗ್ಬಾಡ್ಜಾದಲ್ಲಿ ಮೊಣಕೈಗಳನ್ನು ಹಕ್ಕಿಯ ರೆಕ್ಕೆಯಂತೆ ಆಡಿಸುತ್ತಾ ಬೆನ್ನನ್ನು ಮುದುಡಿ ಬಿಚ್ಚುತ್ತಾ ಸಾಗುತ್ತಾರೆ. ಕಾಲು ನಾಲ್ಕು ಹೆಜ್ಜೆಗಳನ್ನು ಹಾಕುತ್ತದೆ; ಆ ನಾಲ್ಕೇ ತಾಳದ ನೆಲ. ಕೈಯಲ್ಲಿ ಎಣಿಸಿ, ಬೆರಳು ಮಡಚಿ ತಾಳ ಹಾಕುತ್ತಾ ಬೆಳೆದ ನನಗೆ ಎಣಿಕೆಯನ್ನು ಕಾಲಿಗೆ ಇಳಿಸುವುದು ಸುಲಭವಾಗಿರಲಿಲ್ಲ. ಬಾಯಲ್ಲಿ ಒಂದು, ಎರಡು ಎಂದರೆ ಗುರುಗಳು ನಗುತ್ತಿದ್ದರು. ಆಮೇಲೆ ಕೈಗೆ ಬಂದದ್ದು ಅಹಾಟ್ಸೆ, ಅಂದರೆ ಮಣಿಗಳ ಬಲೆ ಹೊದಿಸಿದ ಸೋರೆಬುರುಡೆ. ಕೂತು ನುಡಿಸಬೇಕು, ಕೆಳಗೆ ತೊಡೆಗೆ ಬಡಿದರೆ ‘ಪಾ’, ಮೇಲೆ ಅಂಗೈಗೆ ಬಡಿದರೆ ‘ತಿ’. ತಾಳದ ನುಡಿಗಳನ್ನು ಬಾಯಲ್ಲಿ ಹೇಳುವ ನಮ್ಮ ಕೊನ್ನಕೋಲಿನಂತೆ ಇಲ್ಲೂ ಬಾಯಿಪಾಠವೇ ಮೊದಲು. ತೊಡೆ ಕೆಂಪಾಗುವವರೆಗೆ ಪಾ-ತಿ ನಡೆದ ಮೇಲೆ ಗಂಟೆಯ ಮಾತು ಬಂತು.

ಗಾಂಕೋಗ್ವಿ ಎನ್ನುವುದು ಕಬ್ಬಿಣದ ಜೋಡಿಗಂಟೆ. ಒಂದು ದೊಡ್ಡದು, ಅದರ ಬೆನ್ನಿಗೊಂದು ಚಿಕ್ಕದು. ಇಡೀ ಮೇಳ ಅದರ ಮೇಲೆ ನಿಂತಿದೆ. ಒಂದು ಆವರ್ತನವನ್ನು ಹನ್ನೆರಡು ಸಣ್ಣ ಮಾತ್ರೆಗಳಾಗಿ ಮಾಡಿಕೊಳ್ಳಿ. ಗಂಟೆ 1, 3, 5, 6, 8, 10, 12ರಲ್ಲಿ ನುಡಿಯುತ್ತದೆ. ಒಟ್ಟು ಏಳು ಪೆಟ್ಟು. ಹೆಜ್ಜೆ ಬೀಳುವುದು 1, 4, 7, 10ರಲ್ಲಿ. ಲೆಕ್ಕ ಹಾಕಿ ನೋಡಿ, ಕಾಲೂ ಗಂಟೆಯೂ ಒಟ್ಟಿಗೆ ಸೇರುವುದು ಒಂದರಲ್ಲಿ ಮತ್ತು ಹತ್ತರಲ್ಲಿ ಮಾತ್ರ. ಇನ್ನೊಂದು ಚಮತ್ಕಾರವೂ ಇದೆ. ಅದೇ ಹನ್ನೆರಡನ್ನು ಎರಡೆರಡರಂತೆ ಆರು ಭಾಗ ಮಾಡಿದರೆ, ಗಂಟೆಯ ಮೊದಲ ಮೂರು ಪೆಟ್ಟುಗಳು ಆ ಆರರ ಮೇಲೆ ಸರಿಯಾಗಿ ಕೂರುತ್ತವೆ. ಉಳಿದ ನಾಲ್ಕು ಪಕ್ಕಕ್ಕೆ ಜಾರಿ ನಡುವಿನ ಜಾಗ ಹಿಡಿಯುತ್ತವೆ. ಆವರ್ತನದ ಮೊದಲರ್ಧದಲ್ಲಿ ನೆಮ್ಮದಿ, ದ್ವಿತೀಯಾರ್ಧದಲ್ಲಿ ತಳಮಳ, ಮತ್ತೆ ಒಂದಕ್ಕೆ ಬಂದು ವಿಶ್ರಾಂತಿ. ಈ ಏರಿಳಿತವನ್ನು ಒಳಗಿನಿಂದ ಅನುಭವಿಸದೆ ಬರೀ ಆರು-ಎಂಟು (6/8) ಎಂಬ ಪಾಶ್ಚಾತ್ಯ ತಾಳದ ಗುರುತು ಬರೆದುಕೊಂಡು ನುಡಿಸುವ ಜಾಝ್ ವಾದಕರನ್ನು ಕಂಡರೆ ನನಗೆ ಈಗ ಸಹನೆ ಸಾಲದು.

ಕರ್ನಾಟಕ ಸಂಗೀತ ಬಲ್ಲವರಿಗೆ ಆ ಅಂತರಗಳು ಎಲ್ಲೋ ಕೇಳಿದಂತಿರಬೇಕು: ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು. ಹನ್ನೆರಡು ಸ್ವರಸ್ಥಾನಗಳಲ್ಲಿ ಶಂಕರಾಭರಣದ ಏಳು ಸ್ವರಗಳು ಕೂರುವುದೂ ಇದೇ ಅಂತರದಲ್ಲಿ. ಲಯದ ವಿದ್ವಾಂಸರು ಪಾಶ್ಚಾತ್ಯರ ಮೇಜರ್ ಸ್ಕೇಲಿನ ಹೆಸರಿನಲ್ಲಿ ಇದನ್ನು ಎಂದೋ ಗುರುತಿಸಿದ್ದಾರೆ. ಗಂಟೆ ಮೌನವಾಗಿರುವ ಐದು ಜಾಗಗಳನ್ನು, ಅಂದರೆ 2, 4, 7, 9, 11ನ್ನು, ಏಳರಿಂದ ಆರಂಭಿಸಿ ಓದಿದರೆ ಮೋಹನ ರಾಗದ ಅಂತರಗಳು ಸಿಗುತ್ತವೆ. ಗಂಟೆಯದು ಶಂಕರಾಭರಣ, ಮೌನದ್ದು ಮೋಹನ! ಇದು ಗಣಿತದ ಕಾಕತಾಳೀಯ. ಆನ್ಲೊ ಹಳ್ಳಿಯಲ್ಲಿ ಯಾರೂ ಗಂಟೆಯನ್ನು ಸ್ವರಗಳಾಗಿ ಯೋಚಿಸುವುದಿಲ್ಲ, ಕರ್ನಾಟಕ ಸಂಗೀತದ ನಮ್ಮ ತ್ರಿಮೂರ್ತಿಗಳೂ ಆ ಗಂಟೆಯನ್ನು ಕೇಳಿರಲಿಲ್ಲ. ಆದರೂ ಸಾಧನೆಗೆ ಇದಕ್ಕಿಂತ ಒಳ್ಳೆಯ ಊರುಗೋಲು ನನಗೆ ಸಿಕ್ಕಿಲ್ಲ. ಲಂಡನ್ನಿನ ಕೋಣೆಯಲ್ಲಿ ಕಾಲಲ್ಲಿ ನಾಲ್ಕು ಹೆಜ್ಜೆ ಹಾಕುತ್ತಾ ಏಳು ಸ್ವರಗಳನ್ನು ಗಂಟೆಯ ಏಳು ಜಾಗಗಳಲ್ಲಿ ನುಡಿಸುತ್ತಿದ್ದೆ. ಸ್ವರ ತಪ್ಪಿದರೆ ಜಾಗ ತಪ್ಪಿದೆಯೆಂದು ಕಿವಿಯೇ ಹೇಳುತ್ತಿತ್ತು. ಅದು ಕೂತ ಮೇಲೆ ಎರಡನೆಯ ಪೆಟ್ಟಿನಿಂದ ಆರಂಭಿಸಿ ಗ್ರಹಭೇದ ಮಾಡಿದರೆ, ಅಂದರೆ ಆ ಜಾಗವನ್ನೇ ಷಡ್ಜವೆಂದುಕೊಂಡರೆ, ಖರಹರಪ್ರಿಯ, ನಾಲ್ಕನೆಯದರಿಂದ ಆರಂಭಿಸಿದರೆ ಕಲ್ಯಾಣಿ. ಆವರ್ತನದ ಯಾವ ಮೂಲೆಯಿಂದ ಒಳಗೆ ಕಾಲಿಟ್ಟರೂ ದಾರಿ ತಿಳಿಯುವಂತಾಯಿತು.

ಸ್ವರವನ್ನು ಅಲುಗಿಸಿ ಜಾರಿಸುವ ಗಮಕವನ್ನು ಮಾತ್ರ ಬಹುಪಾಲು ಕೈಬಿಟ್ಟೆ. ಹುಟ್ಟಿನಿಂದ ಬಂದ ಸಂಪತ್ತನ್ನು ಬಿಡುವುದು ಕಷ್ಟವೇ, ಆದರೆ ಗಮಕ ಸ್ವರದ ಅಂಚನ್ನು ಕರಗಿಸುತ್ತದೆ, ಈ ಸಂಗೀತದಲ್ಲಿ ಅಂಚೇ ಮುಖ್ಯ. ಸ್ವರ ಯಾವ ಕ್ಷಣದಲ್ಲಿ ಹುಟ್ಟಿತು ಎನ್ನುವುದು ಮಸುಕಾದರೆ ಪಕ್ಕದ ಡೋಲಿಗೆ ಒರಗಲು ಏನೂ ಇರುವುದಿಲ್ಲ.

ಡೋಲುಗಳಲ್ಲಿ ಅತಿ ಚಿಕ್ಕದು ಕಗಾನ್. ಪ್ರತಿ ಹೆಜ್ಜೆಯ ಮೂರು ಮಾತ್ರೆಗಳಲ್ಲಿ ಮೊದಲನೆಯದನ್ನು ಕಾಲಿಗೆ ಬಿಟ್ಟುಕೊಟ್ಟು, ಎರಡು ಮತ್ತು ಮೂರನೆಯದನ್ನು ಅದು ನುಡಿಸುತ್ತದೆ. ಶುರುವಿನಿಂದ ಕೊನೆಯವರೆಗೆ ಅಷ್ಟೇ. ಸ್ಯಾಕ್ಸೋಫೋನಿಗೆ ನಾನು ಕೊಟ್ಟ ಮೊದಲ ಕೆಲಸ ಇದು. ಎರಡೇ ಸ್ವರ, ತುಂಡು ತುಂಡಾಗಿ, ಹೆಜ್ಜೆಯ ಮೇಲೆ ಎಂದೂ ಬೀಳದಂತೆ. ಜಾಝ್ ವಾದಕನ ಅಹಂಕಾರಕ್ಕೆ ಇದಕ್ಕಿಂತ ಕಹಿ ಮದ್ದಿಲ್ಲ. ಸ್ವಲ್ಪ ಹೊತ್ತಿಗೆ ಕಿವಿ ಮೋಸ ಮಾಡಿ ಎರಡನೆಯ ಮಾತ್ರೆಯೇ ಹೆಜ್ಜೆಯೆಂದು ಅನಿಸತೊಡಗುತ್ತದೆ. ಆಗ ಕಾಲನ್ನು ನಂಬಿ ಮುಂದುವರಿಯಬೇಕು. ಬೆರಳಿಗಿಂತ ಉಸಿರೇ ಇಲ್ಲಿ ದೊಡ್ಡ ತೊಡಕು. ಡೋಲು ಬಾರಿಸುವವನಿಗೆ ಉಸಿರಾಡಲು ನುಡಿಸಾಣಿಕೆ ನಿಲ್ಲಿಸಬೇಕಾಗಿಲ್ಲ. ನಾನು ಪ್ರತಿ ಹೆಜ್ಜೆಯ ಆ ಖಾಲಿ ಮಾತ್ರೆಯಲ್ಲಿ ಚೂರು ಚೂರೇ ಗಾಳಿ ಎಳೆದುಕೊಳ್ಳುವುದನ್ನು ರೂಢಿಸಿಕೊಂಡೆ.

ಆಮೇಲಿನದು ಕಿಡಿ ಎಂಬ ನಡುಗಾತ್ರದ ಡೋಲಿನ ಪಾಠ, ನನ್ನ ವಾದನವನ್ನು ನಿಜವಾಗಿ ಬದಲಿಸಿದ ಪಾಠವೂ ಅದೇ. ಅಗ್ಬಾಡ್ಜಾದಲ್ಲಿ ಮುಂದಾಳು ಸೊಗೊ ಎಂಬ ಡೋಲು, ಕಿಡಿ ಅದಕ್ಕೆ ಉತ್ತರ ಕೊಡುತ್ತದೆ. ಕೋಲು ಚರ್ಮಕ್ಕೆ ಬಡಿದು ಪುಟಿದರೆ ತೆರೆದ ನಾದ. ಬಡಿದು ಅಲ್ಲೇ ಒತ್ತಿ ಹಿಡಿದರೆ ಮುಚ್ಚಿದ ನಾದ. ತೆರೆದ ಪೆಟ್ಟುಗಳು ಮಾತು, ಒತ್ತಿದ ಪೆಟ್ಟುಗಳು ಆ ಮಾತಿನ ನಡುವಿನ ಗೊಣಗು. ಸ್ಯಾಕ್ಸೋಫೋನಿನಲ್ಲಿ ತೆರೆದ ಪೆಟ್ಟಿಗೆ ಪೂರ್ಣ ಸ್ವರ ಸಾಕು. ಒತ್ತಿದ ಪೆಟ್ಟಿಗೆ ನಾಲಿಗೆಯ ತುದಿಯನ್ನು ರೀಡಿಗೆ, ಅಂದರೆ ಊದಿದಾಗ ಕಂಪಿಸುವ ಪಟ್ಟಿಗೆ, ಅರ್ಧ ತಾಗಿಸಿ, ಸ್ವರ ಉಸಿರುಗಟ್ಟಿದಂತೆ ಹೊರಬರುವ ಹಾಗೆ ಮಾಡಬೇಕು. ಬೀಬಾಪ್ ಎಂಬ ವೇಗದ ಜಾಝ್ ನುಡಿಸುವವರಿಗೆಲ್ಲ ಈ ಅರೆಮುಚ್ಚಿದ ಸ್ವರ ಗೊತ್ತು, ಅಲ್ಲಿ ಅದು ಅಲಂಕಾರ. ಇಲ್ಲಿ ಅದು ಅರ್ಧ ಸಾಹಿತ್ಯ. ಒಂದೇ ಸ್ವರವನ್ನು ಎರಡು ಬಗೆಯ ಬೆರಳಿಕೆಯಲ್ಲಿ ನುಡಿಸಿ ಬಣ್ಣ ಬದಲಿಸುವುದನ್ನೂ ಸೇರಿಸಿಕೊಂಡೆ. ಎವೆ ಭಾಷೆಯಲ್ಲಿ ಸ್ವರದ ಏರಿಳಿತದಿಂದ ಪದದ ಅರ್ಥ ಬದಲಾಗುತ್ತದೆ, ಡೋಲಿನ ನುಡಿಗಳೂ ಆ ಏರಿಳಿತವನ್ನು ಹಿಂಬಾಲಿಸುತ್ತವೆ. ಗುರುಗಳ ಮೇಳದಲ್ಲಿ ಕಿಡಿಯ ಪಕ್ಕದಲ್ಲಿ ಕೂತು ಸ್ಯಾಕ್ಸೋಫೋನಿನಲ್ಲಿ ಅದೇ ಉತ್ತರವನ್ನು ನುಡಿಸಲು ಕೊನೆಗೆ ಒಪ್ಪಿಗೆ ಸಿಕ್ಕಿತು. ಸೊಗೊ ಹಿಡಿದವರು ನನ್ನ ಕಡೆ ತಿರುಗಿ ನುಡಿ ಬದಲಿಸಿದರು, ನಾನು ತಡವರಿಸದೆ ಉತ್ತರವನ್ನು ಬದಲಿಸಿದೆ, ಅವರು ಮುಖ ಆಚೆ ತಿರುಗಿಸಿ ಮುಂದುವರಿದರು. ಹೊಗಳಿಕೆ ಎಂದರೆ ಅಷ್ಟೇ.

ಇನ್ನು ಸ್ವರಮೇಳ. ಜಾಝಿನ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು, ಈ ತಾಳದ ಮೇಲೆ ಹಾಗೇ ಹೇರಿದರೆ ತಾಳ ಸೊರಗುತ್ತದೆ. ಸ್ಕೇಲಿನ ಎರಡನೆಯ, ಐದನೆಯ, ಒಂದನೆಯ ಸ್ವರಗಳ ಮೇಲೆ ಸಾಲಾಗಿ ಓಡುವ ಹಳೆಯ ಕಾರ್ಡ್ ಸರಣಿಗೆ ಮನೆ ಸೇರುವ ಆತುರ. ಅಗ್ಬಾಡ್ಜಾಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ಉತ್ತರ ಸಿಕ್ಕಿದ್ದು ಹಾಡಿನಲ್ಲಿ. ಆನ್ಲೊ ಜನರ ಹಾಡುಗಳು ಹೆಚ್ಚಾಗಿ ಐದು ಸ್ವರಗಳವು. ಗುಂಪಾಗಿ ಹಾಡುವಾಗ ದನಿಗಳು ಷಡ್ಜ-ಮಧ್ಯಮದ ಅಂತರದಲ್ಲಿ ಜೊತೆಜೊತೆಯಾಗಿ ಸಾಗುತ್ತವೆ. ಅದೇ ಘಾನಾದ ಅಕಾನ್ ಜನರು ಷಡ್ಜ-ಗಾಂಧಾರದ ಅಂತರದಲ್ಲಿ ಹಾಡುತ್ತಾರೆ, ಹೈಲೈಫ್‌ನ ಸಿಹಿ ಅಲ್ಲಿಂದಲೇ ಬಂದದ್ದು. ಲೆಗೊನ್‌ನಲ್ಲಿರುವ ಘಾನಾ ವಿಶ್ವವಿದ್ಯಾಲಯದ ಹಿರಿಯ ವಿದ್ವಾಂಸರಾಗಿದ್ದ ಕ್ವಾಬೆನಾ ಎನ್ಕೆಟಿಯಾ ಅವರ ಬರಹಗಳನ್ನು ಓದಿದವರಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ. ಮಧ್ಯಮದ ಮೇಲೆ ಮಧ್ಯಮ ಪೇರಿಸಿ ಕಾರ್ಡ್ ಕಟ್ಟುವುದು 1960ರ ದಶಕದಲ್ಲಿ ಕೋಲ್ಟ್ರೇನ್ ಅವರ ಪಿಯಾನೊ ವಾದಕ ಮೆಕಾಯ್ ಟೈನರ್ ಜಾಝಿಗೆ ಕೊಟ್ಟ ಬಳುವಳಿಯಲ್ಲವೇ? ಎರಡೂ ಸಂಗೀತಗಳು ಒಂದನ್ನೊಂದು ನಿಜವಾಗಿ ಮುಟ್ಟುವ ಜಾಗ ಇದು ಎಂದು ನನಗೆ ಅನಿಸಿತು. ನಮ್ಮ ಪಿಯಾನೊ ವಾದಕಿ ಮೇಜರ್, ಮೈನರ್‌ಗಳನ್ನು ಬದಿಗಿಟ್ಟು ಮಧ್ಯಮದ ಪೇರಿಕೆಗಳನ್ನು ಮಾತ್ರ ಹಿಡಿಯುತ್ತಾರೆ. ಕಾರ್ಡ್ ಬದಲಾಗುವುದೂ ಹೆಜ್ಜೆಯ ಮೇಲಲ್ಲ, ಗಂಟೆಯ ಆರನೆಯ ಮಾತ್ರೆಯ ಮೇಲೆ. ಗಂಟೆ ನೆಮ್ಮದಿಯಿಂದ ಜಾರುವ ಆ ಕ್ಷಣದಲ್ಲೇ ಸ್ವರಮೇಳವೂ ಜಾರುತ್ತದೆ.

ಮೌನದ ಮೋಹನವನ್ನು ಬಳಸುವುದು ಸೋಲೊದ ತುದಿಯಲ್ಲಿ. ಪಿಯಾನೊ ಬಿಳಿ ಮನೆಗಳಲ್ಲಿರುವಾಗ ನಾನು ಗಂಟೆ ನುಡಿಯದ ಐದು ಜಾಗಗಳಲ್ಲಿ ಐದು ಕಪ್ಪು ಮನೆಗಳ ಸ್ವರಗಳನ್ನು ಎಸೆಯುತ್ತೇನೆ. ಶ್ರುತಿಯೂ ಬೇರೆ, ಜಾಗವೂ ಬೇರೆ. ಜಾಝ್ ಕೇಳುವವರಿಗೆ ಅದು ಸರಣಿಯಿಂದ ಹೊರಗೆ ಜಿಗಿದಂತೆ ಕೇಳುತ್ತದೆ; ಕುಣಿಯುವವರಿಗೆ ಗಂಟೆಯ ಸಂದುಗಳು ತುಂಬಿದಂತೆ. ಕೆಲವೇ ಆವರ್ತನ ಚೆನ್ನ, ಹೆಚ್ಚಾದರೆ ಕಿವಿ ದಣಿಯುತ್ತದೆ.

ಡ್ರಮ್ ಸೆಟ್ ನುಡಿಸುವವರನ್ನು ಒಪ್ಪಿಸುವುದು ಎಲ್ಲಕ್ಕಿಂತ ದೀರ್ಘ ಮಾತುಕತೆಯಾಯಿತು. ಒಬ್ಬನೇ ಮನುಷ್ಯ ಎಲ್ಲ ಡೋಲುಗಳ ಕೆಲಸ ಮಾಡಲು ಹೊರಟರೆ ಗದ್ದಲವಾಗುತ್ತದೆ. ನಮ್ಮಲ್ಲಿ ಸೊಗೊ ನುಡಿಸುವವರು ಎವೆಯವರೇ, ಆದ್ದರಿಂದ ಡ್ರಮ್ ಸೆಟ್ಟಿಗೆ ಉಳಿದದ್ದು ಎರಡೇ ಕೆಲಸ: ರೈಡ್ ಎಂಬ ದೊಡ್ಡ ಕಂಚಿನ ತಟ್ಟೆಯ ನಡುವಿನ ಉಬ್ಬಿನ ಮೇಲೆ ಗಂಟೆಯ ಪೆಟ್ಟು, ಕಾಲಲ್ಲಿ ತುಳಿದು ನುಡಿಸುವ ಹೈಹ್ಯಾಟ್ ಜೋಡಿತಟ್ಟೆಯಲ್ಲಿ ನಾಲ್ಕು ಹೆಜ್ಜೆ. ಬಾಸ್ ಡ್ರಮ್ ಸಂಭಾಷಣೆಗೆ ಮೀಸಲು. ಈ ವಿಷಯದಲ್ಲಿ ನಮಗೆ ದೊಡ್ಡ ಗುರು ಲಾಗೋಸಿನ ಡ್ರಮ್ ವಾದಕ ಟೋನಿ ಅಲೆನ್. ಅಮೆರಿಕದ ಜಾಝ್ ಡ್ರಮ್ ವಾದಕರಾದ ಮ್ಯಾಕ್ಸ್ ರೋಚ್, ಆರ್ಟ್ ಬ್ಲೇಕಿಯವರನ್ನು ಅರಗಿಸಿಕೊಂಡು, 1960ರ ದಶಕದಿಂದ ಗಾಯಕ ಫೆಲಾ ಕುಟಿಯ ಜೊತೆ ಆಫ್ರೋಬೀಟ್ ಎಂಬ ಶೈಲಿಯನ್ನು ಕಟ್ಟಿದವರು. ಎಷ್ಟು ಬಾರಿಸಬೇಕೆಂಬುದಕ್ಕಿಂತ ಎಲ್ಲಿ ಬಿಡಬೇಕೆಂಬುದನ್ನು ಬಲ್ಲವರು. ಫೆಲಾ ಸ್ವತಃ ಸ್ಯಾಕ್ಸೋಫೋನ್ ಕೈಗೆತ್ತಿಕೊಂಡದ್ದು ತಂಡದ ಟೆನರ್ ಸ್ಯಾಕ್ಸೋಫೋನ್ ವಾದಕ ಬಿಟ್ಟುಹೋದ ಮೇಲೆ, 1973ರಲ್ಲಿ. ವಾದಕನಾಗಿ ಅವರು ದೊಡ್ಡವರಲ್ಲ ಎಂದೇ ನನ್ನ ಅಭಿಪ್ರಾಯ; ಆದರೆ ಸಣ್ಣ ತುಣುಕೊಂದನ್ನು ಹಿಡಿದು ತಾಳದೊಳಗೆ ಬಿಡದೆ ಕೂರುವ ಅವರ ಹಟ, ವೇಗದ ಬೆರಳುಗಳ ಎಷ್ಟೋ ಜನರಿಗೆ ಇಲ್ಲ.

ಘಾನಾದ ಹವಾಮಾನದ ಬಗ್ಗೆಯೂ ಒಂದು ಮಾತು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಸಹಾರಾದ ಧೂಳು ಹೊತ್ತ ಹರ್ಮಟ್ಟಾನ್ ಗಾಳಿ ಬೀಸುತ್ತದೆ. ಬೆತ್ತದ ರೀಡುಗಳು ಒಣಗಿ ಸೆಟೆದುಕೊಳ್ಳುತ್ತವೆ. ಉಳಿದ ಕಾಲದಲ್ಲಿ ಉಪ್ಪುಗಾಳಿಗೆ ವಾದ್ಯದ ರಂಧ್ರ ಮುಚ್ಚುವ ಪ್ಯಾಡುಗಳು ಅಂಟುತ್ತವೆ. ಪ್ಲಾಸ್ಟಿಕ್ ರೀಡು ಒಯ್ಯಿರಿ, ನಾದದ ಬಗ್ಗೆ ಗೊಣಗಬೇಡಿ.

ದುಡ್ಡಿನ ವಿಷಯವನ್ನು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಘಾನಾದ 2005ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅಲ್ಲಿನ ಜಾನಪದದ ಹಕ್ಕು ಜನರ ಪರವಾಗಿ ರಾಷ್ಟ್ರಾಧ್ಯಕ್ಷರಲ್ಲಿ ನೆಲೆಸಿದೆ. ಅಂದರೆ ಈ ತಾಳಗಳು ವಾರಸುದಾರರಿಲ್ಲದ ಆಸ್ತಿಯಲ್ಲ. ಅಲ್ಲಿನ ಸಂಗೀತಗಾರರಲ್ಲೇ ಈ ಕಾಯ್ದೆಯ ಬಗ್ಗೆ ತಕರಾರಿದೆ, ತಮ್ಮ ಅಜ್ಜನ ಹಾಡಿಗೆ ತಾವೇ ಅನುಮತಿ ಕೇಳಬೇಕೇ ಎಂದು. ನಮ್ಮ ಧ್ವನಿಮುದ್ರಿಕೆಯಲ್ಲಿ ತಾಳದ ಹೆಸರು, ಅದು ಬಂದ ನೆಲದ ಹೆಸರು ಎರಡೂ ಇವೆ. ಗುರುಗಳ ಮೇಳಕ್ಕೆ ಪಾಲು ಹೋಗುತ್ತದೆ. ಅದನ್ನು ಔದಾರ್ಯವೆಂದು ಕರೆಯುವವರ ಜೊತೆ ನನಗೆ ಜಗಳವಿದೆ.

ಈಗ ಕೈಯಲ್ಲಿರುವುದು ಅಗ್ಬೆಕೊ ಎಂಬ ಇನ್ನೊಂದು ಎವೆ ಪ್ರಕಾರ. ಯುದ್ಧದ ಕುಣಿತದಿಂದ ಬಂದದ್ದು. ನಿಧಾನ ಭಾಗವೊಂದು, ವೇಗದ ಭಾಗವೊಂದು. ನಿಧಾನ ಭಾಗ ತಂಡಕ್ಕೆ ಒಗ್ಗಿದೆ. ವೇಗದ ಭಾಗದಲ್ಲಿ ಹೆಜ್ಜೆಯ ನಡುವಿನ ಖಾಲಿ ಮಾತ್ರೆ ಉಸಿರೆಳೆಯಲು ಸಾಲದಷ್ಟು ಕಿರಿದಾಗುತ್ತದೆ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಮೂಗಿನಿಂದ ಉಸಿರೆಳೆಯುವ ಸುತ್ತುಸಿರಿನ ತಂತ್ರ ಉದ್ದ ಸ್ವರಗಳಿಗೆ ಒಲಿದಿದೆ, ತುಂಡು ಸ್ವರಗಳಿಗೆ ಇನ್ನೂ ಒಲಿದಿಲ್ಲ; ನಾಲಿಗೆ ಮತ್ತು ಕೆನ್ನೆ ಒಂದಕ್ಕೊಂದು ಅಡ್ಡ ಬರುತ್ತವೆ. ಸದ್ಯಕ್ಕೆ ಆ ನುಡಿಯನ್ನು ಎರಡಾಗಿ ಸೀಳಿ, ಒಂದು ಆವರ್ತನ ನಾನು, ಒಂದು ಆವರ್ತನ ಪಿಯಾನೊ ಎಂದು ಹಂಚಿಕೊಂಡಿದ್ದೇವೆ. ಸೊಗೊ ನುಡಿಸುವವರಿಗೆ ಈ ಏರ್ಪಾಡು ಹಿಡಿಸಿಲ್ಲ. ಒಂದೇ ಬಾಯಿಂದ ಬರಬೇಕಾದ ಮಾತು ಅದು ಎನ್ನುತ್ತಾರೆ. ಮುಂದಿನ ತಾಲೀಮಿನಲ್ಲಿ ವೇಗವನ್ನು ಒಂದಿಷ್ಟು ಇಳಿಸಿ, ನಾನೊಬ್ಬನೇ ನುಡಿಸಿ ನೋಡುವುದೆಂದು ಒಪ್ಪಂದವಾಗಿದೆ.